ಹೋದವನು ಹೇಳುವ ಕಥೆ

ದೊಡ್ಡವರಾಗೋದರ ಬಗ್ಗೆ ಬಂದಿರೋ ಸಿನಿಮಾಗಳಲ್ಲಿ ನಾನು ಅತಿ ಹೆಚ್ಚು ಸಲ ನೋಡಿರೋದು ‘ಸ್ಟ್ಯಾಂಡ್ ಬೈ ಮಿ’. 1986ರದ್ದು. ರಾಬ್ ರೈನರ್ ನಿರ್ದೇಶನ, ಸ್ಟೀಫನ್ ಕಿಂಗ್ ಬರೆದ ‘ದ ಬಾಡಿ’ ಅನ್ನೋ ನೀಳ್ಗತೆ ಅದರ ಮೂಲ. ನೋಡದೇ ಇರೋರಿಗೆ ಕಥೆ ಚಿಕ್ಕದಾಗಿ ಹೇಳ್ತೀನಿ. 1959ರ ಬೇಸಿಗೆಯ ಕೊನೆ, ಅಮೆರಿಕದ ಆರೆಗನ್ ರಾಜ್ಯದ ಒಂದು ಸಣ್ಣ ಊರು. ರೈಲಿಗೆ ಸಿಕ್ಕಿ ಸತ್ತ ಹುಡುಗನೊಬ್ಬನ ಹೆಣ ದೂರದ ಕಾಡಲ್ಲಿ ಬಿದ್ದಿದೆ ಅಂತ ಸುಳಿವು ಸಿಗುತ್ತೆ. 12 ವರ್ಷದ ನಾಲ್ಕು ಹುಡುಗರು ಮನೇಲಿ ಸುಳ್ಳು ಹೇಳಿ, ರೈಲು ಹಳಿ ಹಿಡಿದು ಅದನ್ನ ನೋಡೋಕೆ ನಡ್ಕೊಂಡು ಹೊರಡ್ತಾರೆ. ಗಾರ್ಡಿ, ಕ್ರಿಸ್, ಟೆಡ್ಡಿ, ವರ್ನ್. ಸೇತುವೆ ಮೇಲೆ ರೈಲು ಹಿಂದಿನಿಂದ ಬರುತ್ತೆ, ಜೌಗಿನ ನೀರಲ್ಲಿ ಮೈತುಂಬ ಜಿಗಣೆ ಹತ್ತುತ್ತೆ, ರಾತ್ರಿ ಬೆಂಕಿ ಮುಂದೆ ಕೂತು ಹರಟ್ತಾರೆ. ಎರಡು ದಿನ ಆದ್ಮೇಲೆ ವಾಪಸ್ ಬಂದಾಗ ಅವರಿಗೆ ಊರು ಮೊದಲಿಗಿಂತ ಚಿಕ್ಕದಾಗಿ ಕಾಣುತ್ತೆ.

ಈ ಕಥೆ ಹೇಳೋನು ದೊಡ್ಡವನಾದ ಗಾರ್ಡಿ. ಈಗ ಅವನು ಲೇಖಕ. 12ನೇ ವಯಸ್ಸಲ್ಲಿ ಇದ್ದಂಥ ಗೆಳೆಯರು ಆಮೇಲೆ ಸಿಗಲೇ ಇಲ್ಲ ಅನ್ನೋ ಅರ್ಥದ ಮಾತನ್ನ ಕೊನೆಯಲ್ಲಿ ಕಂಪ್ಯೂಟರಲ್ಲಿ ಟೈಪ್ ಮಾಡಿ, ಅದನ್ನ ಆಫ್ ಮಾಡಿ ಎದ್ದು ಹೋಗ್ತಾನೆ. (ಸೇವ್ ಮಾಡಿದ್ದು ನಮಗೆ ಕಾಣಲ್ಲ. ನಮ್ಮ ಕೆಲಸದೋರಿಗೆ ಅಲ್ಲಿ ಎದೆ ಧಸಕ್ಕನ್ನುತ್ತೆ.) ಸಿನಿಮಾ ನೋಡಿದ ಎಲ್ಲರಿಗೂ ನೆನಪಿರೋದು ಆ ಮಾತು.

ನನ್ನನ್ನ ಕಾಡೋದು ಅದಕ್ಕಿಂತ ಸ್ವಲ್ಪ ಮುಂಚೆ ಬರೋ ಭಾಗ. ದಿನ ಕಳೆದ ಹಾಗೆ ಟೆಡ್ಡಿ, ವರ್ನ್ ಇಬ್ಬರೂ ಶಾಲೆಯ ವರಾಂಡದಲ್ಲಿ ಎದುರಾಗೋ ಇನ್ನೆರಡು ಮುಖಗಳಾಗಿಬಿಟ್ಟರು ಅಂತಾನೆ ಗಾರ್ಡಿ. ಆಮೇಲೆ ಲೆಕ್ಕ ಒಪ್ಪಿಸೋ ಹಾಗೆ ಹೇಳ್ತಾನೆ. ವರ್ನ್ ಹೈಸ್ಕೂಲ್ ಮುಗೀತಿದ್ದ ಹಾಗೇ ಮದುವೆ ಆದ, ನಾಲ್ಕು ಮಕ್ಕಳು, ಮರದ ಡಿಪೋದಲ್ಲಿ ಫೋರ್ಕ್‌ಲಿಫ್ಟ್ ಓಡಿಸ್ತಾನೆ. ಟೆಡ್ಡಿ ಸೈನ್ಯ ಸೇರೋಕೆ ನೋಡಿದ, ಕಣ್ಣು ಕಿವಿ ಸರಿಯಿಲ್ಲ ಅಂತ ತಗೊಳ್ಳಲಿಲ್ಲ. ಸ್ವಲ್ಪ ಕಾಲ ಜೈಲಲ್ಲಿದ್ದ, ಈಗ ಊರ ಸುತ್ತಮುತ್ತ ಸಿಕ್ಕಿದ ಕೆಲಸ ಮಾಡ್ತಾನೆ. ಅಷ್ಟೇ. ಎರಡು ಬದುಕಿಗೆ ಒಂದೊಂದು ಸಾಲು ಸಿಕ್ಕಿತು, ಮುಗೀತು.

ದೊಡ್ಡವರಾಗೋದು ಅಂದ್ರೆ ಯಾರನ್ನಾದ್ರೂ ಬಿಟ್ಟು ಹೋಗೋದೇನಾ? ಬಿಟ್ಟು ಹೋದ ಮೇಲೆ, ಅಲ್ಲೇ ಉಳಿದವರಿಗೆ ನಮ್ಮಿಂದ ಏನಾದ್ರೂ ಸಲ್ಲಬೇಕಾದ್ದು ಇದೆಯಾ? ಹಳ್ಳಿಯಿಂದ ಬಂದು ಬೆಂಗಳೂರಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಿರೋ ನನ್ನಂಥೋರಿಗೆ ಇದು ಬರೀ ಸಿನಿಮಾದ ಪ್ರಶ್ನೆ ಅಲ್ಲ.

ಮೊದಲು ಸಿನಿಮಾಗಳನ್ನೇ ಸಾಲಾಗಿಟ್ಟು ನೋಡೋಣ. 1953ರಲ್ಲಿ ಫೆಲಿನಿ ‘ಇ ವಿತೆಲ್ಲೋನಿ’ ಮಾಡಿದ. ಸಮುದ್ರದ ಪಕ್ಕದ ಸಣ್ಣ ಊರಲ್ಲಿ ಕೆಲಸ ಇಲ್ಲದೆ ಕಾಲ ಕಳೆಯೋ ಐದು ಜನ ಗೆಳೆಯರು. ಕೊನೆಯಲ್ಲಿ ಮೊರಾಲ್ಡೋ ಅನ್ನೋನು ಬೆಳಬೆಳಗ್ಗೆ ಯಾರಿಗೂ ಹೇಳದೆ ರೈಲು ಹತ್ತುತ್ತಾನೆ. ರೈಲು ಹೊರಡುವಾಗ ಉಳಿದ ಗೆಳೆಯರು ಅವರವರ ಹಾಸಿಗೆಯಲ್ಲಿ ಮಲಗಿರೋದು ಒಬ್ಬೊಬ್ಬರಾಗಿ ತೆರೆ ಮೇಲೆ ಸರಿದು ಹೋಗುತ್ತೆ. ಹೋಗೋನು ಎಚ್ಚರವಾಗಿದ್ದಾನೆ, ಉಳಿದೋರು ನಿದ್ದೆಯಲ್ಲಿದ್ದಾರೆ. 1973ರ ಜಾರ್ಜ್ ಲ್ಯೂಕಸ್‌ನ ‘ಅಮೆರಿಕನ್ ಗ್ರಾಫಿಟಿ’ಯಲ್ಲೂ ನಾಲ್ಕು ಗೆಳೆಯರು. ಒಬ್ಬ ವಿಮಾನ ಹತ್ತಿ ಕಾಲೇಜಿಗೆ ಹೋದ ಮೇಲೆ, ನಾಲ್ವರೂ ಮುಂದೆ ಏನಾದರು ಅಂತ ತೆರೆ ಮೇಲೆ ಬರಹ ಬರುತ್ತೆ. ಒಬ್ಬ ಕುಡಿದು ಓಡಿಸ್ತಿದ್ದವನ ಗಾಡಿಗೆ ಸಿಕ್ಕಿ ಸತ್ತ, ಒಬ್ಬ ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ, ಒಬ್ಬ ಅದೇ ಊರಲ್ಲಿ ಇನ್ಶೂರೆನ್ಸ್ ಏಜೆಂಟ್. ವಿಮಾನ ಹತ್ತಿದವನು? ಲೇಖಕ.

ಇದರಲ್ಲಿ ಪಿತೂರಿ ಏನಿಲ್ಲ. ರಿಮಿನಿ ಅನ್ನೋ ಊರಲ್ಲಿ ಹುಟ್ಟಿದ ಫೆಲಿನಿ ರೋಮ್‌ಗೆ ಹೋಗಿದ್ದರಿಂದಲೇ ಸಿನಿಮಾ ಮಾಡೋಕೆ ಆಯ್ತು. ಕ್ಯಾಮೆರಾ, ಪ್ರಕಾಶಕ, ಹಣ ಎಲ್ಲ ನಗರದಲ್ಲಿರುತ್ತೆ. ಹಾಗಾಗಿ ಈ ಕಥೆಗಳನ್ನ ಹೋದವನೇ ಹೇಳಬೇಕು. ಆದರೆ ಹೋದವನೇ ಹೇಳಿದಾಗ ಅವನಿಗೆ ಗೊತ್ತಿಲ್ಲದ ಹಾಗೆ ಒಂದು ಬದಲಾವಣೆ ಆಗಿಬಿಡುತ್ತೆ. ಅವನು ಊರು ಬಿಟ್ಟ ದಿನವೇ ಗೆಳೆಯರ ಕಥೆಯೂ ನಿಂತುಹೋಗುತ್ತೆ. ರಕ್ಷಿತ್ ಶೆಟ್ಟಿ 2014ರಲ್ಲಿ ‘ಉಳಿದವರು ಕಂಡಂತೆ’ ಅಂತ ಸಿನಿಮಾ ಮಾಡಿದರಲ್ಲ, ಅದರ ಕಥೆ ಬೇರೆ, ಹೆಸರನ್ನ ಮಾತ್ರ ಸಾಲ ತಗೋತೀನಿ. ಕನ್ನಡದಲ್ಲಿ ಉಳಿದವರು ಅಂದ್ರೆ ಮಿಕ್ಕವರು ಅಂತಲೂ ಹೌದು, ಅಲ್ಲೇ ಇದ್ದುಬಿಟ್ಟವರು ಅಂತಲೂ ಹೌದು. ಅವರು ಕಂಡ ಹಾಗೆ ಈ ಕಥೆ ನಮಗೆ ಸಿಗೋದೇ ಅಪರೂಪ.

ಹುಡುಗಿಯರ ವಿಷಯ ಇನ್ನೂ ಒಂದು ಮೆಟ್ಟಿಲು ಕೆಳಗೆ. ‘ಅಮೆರಿಕನ್ ಗ್ರಾಫಿಟಿ’ಯ ಕೊನೆಯ ಬರಹದಲ್ಲಿ ಅವರಿಗೆ ಒಂದು ಸಾಲೂ ಇಲ್ಲ. ನಮ್ಮ ಕಡೆ ನೋಡಿದ್ರೆ ಊರು ಬಿಟ್ಟು ಹೋಗೋರೆಲ್ಲ ಮೊದಲಿಂದಲೂ ಹುಡುಗಿಯರೇ. ನಮ್ಮಕ್ಕನ ಜೊತೆ ಓದಿದ ಐದಾರು ಜನ ಐದಾರು ಊರಿಗೆ ಸೊಸೆಯಾಗಿ ಹೋದರು. ಅವರು ಒಟ್ಟಿಗೆ ಸಿಗೋದು ಊರ ಜಾತ್ರೆಯಲ್ಲಿ, ಅದೂ ಎಲ್ಲರಿಗೂ ಕಳಿಸಿಕೊಟ್ಟ ವರ್ಷ. ಇವರು ಹೋದವರೂ ಹೌದು, ಕಥೆ ಹೇಳೋಕೆ ಅವಕಾಶ ಸಿಗದೇ ಇರೋರೂ ಹೌದು.

‘ಸ್ಟ್ಯಾಂಡ್ ಬೈ ಮಿ’ಯಲ್ಲಿ ಇನ್ನೊಂದು ಮಾತಿದೆ. ನಾಲ್ವರಲ್ಲಿ ಬುದ್ಧಿವಂತ ಕ್ರಿಸ್, ಹಳಿ ಮೇಲೆ ನಡೀತಾ ಗಾರ್ಡಿಗೆ ಮುಂದೆ ಆಗೋದನ್ನ ಹೇಳಿಬಿಡ್ತಾನೆ. ಶಾಲೆ ಶುರುವಾದ್ಮೇಲೆ ನೀನು ಕಾಲೇಜಿಗೆ ಹೋಗೋರ ಕ್ಲಾಸಿಗೆ ಹೋಗ್ತೀಯ, ನಾವು ಮೂರು ಜನ ಕೈಕೆಲಸ ಕಲಿಯೋ ಕ್ಲಾಸಿಗೆ, ಅಲ್ಲಿ ನಿನಗೆ ಬೇರೆ ಗೆಳೆಯರು ಸಿಗ್ತಾರೆ ಅಂತ. ಅಂದ್ರೆ ಇವರನ್ನ ಬೇರೆ ಮಾಡಿದ್ದು ಜಗಳ ಅಲ್ಲ, ಮನಸ್ಸು ಮುರಿದಿದ್ದೂ ಅಲ್ಲ. ಒಂದು ಟೈಮ್‌ಟೇಬಲ್. ಸಿನಿಮಾ ಇದನ್ನ ಕಾಲದ ನಿಯಮ ಅನ್ನೋ ಹಾಗೆ ನಿಟ್ಟುಸಿರಿಟ್ಟು ಹೇಳುತ್ತೆ. ಆದರೆ ಯಾರು ಯಾವ ಕ್ಲಾಸಿಗೆ ಅನ್ನೋದನ್ನ ಕಾಲ ತೀರ್ಮಾನ ಮಾಡಿರಲಿಲ್ಲ. ಕ್ರಿಸ್ ಮನೆತನಕ್ಕೆ ಊರಲ್ಲಿ ಕೆಟ್ಟ ಹೆಸರಿತ್ತು, ಗಾರ್ಡಿ ಮನೆಗೆ ಇರಲಿಲ್ಲ. ಕ್ರಿಸ್ ಆಮೇಲೆ ಹಟ ಹಿಡಿದು ಗಾರ್ಡಿಯ ಕ್ಲಾಸಿಗೇ ಸೇರಿ, ಕಷ್ಟಪಟ್ಟು ಓದಿ ಲಾಯರ್ ಆಗ್ತಾನೆ ಅನ್ನೋದೇ ಇದಕ್ಕೆ ಸಾಕ್ಷಿ.

ನಮ್ಮಲ್ಲಿ ಆ ಟೈಮ್‌ಟೇಬಲ್‌ಗೆ ಎಸ್ಸೆಸ್ಸೆಲ್ಸಿ ಅಂತ ಹೆಸರು. ಜೂನ್‌ನಲ್ಲಿ ಒಬ್ಬ ಪಿಯುಸಿ ಸೈನ್ಸಿಗೆ, ಒಬ್ಬ ಐಟಿಐಗೆ, ಒಬ್ಬ ತೋಟಕ್ಕೆ. ಒಂದೇ ಬೆಂಚಲ್ಲಿ ಕೂತು ಒಂದೇ ಡಬ್ಬಿಯ ಚಿತ್ರಾನ್ನ ತಿಂದೋರು ಎರಡು ತಿಂಗಳ ರಜೆ ಮುಗಿಯೋ ಹೊತ್ತಿಗೆ ಮೂರು ಜಾತಿ ಆಗಿರ್ತಾರೆ. ಅಂಕಪಟ್ಟಿಯಲ್ಲಿ ನಮ್ಮ ಬುದ್ಧಿಯಷ್ಟೇ ಇರಲ್ಲ. ಸಂಜೆ ಓದೋಕೆ ಮನೇಲಿ ಬಿಡ್ತಿದ್ರಾ, ಅಪ್ಪ ಬದುಕಿದ್ರಾ, ಹಸು ಕರೆಯೋಕೆ ಬೇರೆ ಯಾರಾದ್ರೂ ಇದ್ರಾ ಅನ್ನೋದೂ ಅದರಲ್ಲಿ ಸೇರಿರುತ್ತೆ.

ನನ್ನ ಅಂಥ ಗೆಳೆಯನೊಬ್ಬ ಇದ್ದಾನೆ. ಐಟಿಐ ಮಾಡಿ ಈಗ ನಮ್ಮ ಹೋಬಳಿಯಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ಅರಸೀಕೆರೆ ಸೀಮೆ, ತೆಂಗಿನ ತೋಟ, ಎಲ್ಲರದ್ದೂ ಬೋರ್‌ವೆಲ್. ವೋಲ್ಟೇಜ್ ಏರುಪೇರಾಗಿ ಮೋಟರ್ ಸುಟ್ಟರೆ ಪೈಪ್ ಎತ್ತಿಸೋದರಿಂದ ಹಿಡಿದು ಮತ್ತೆ ಇಳಿಸೋ ತನಕ ಅವನೇ ಬೇಕು. ಎರಡು ವರ್ಷದ ಹಿಂದೆ ಎಸ್.ಜೆ.ಪಿ. ರಸ್ತೆಗೆ ವೈಂಡಿಂಗ್ ವೈರ್ ತಗೊಳ್ಳೋಕೆ ಬಂದೋನು ರಾತ್ರಿ ನನ್ನ ರೂಮಲ್ಲೇ ಉಳ್ಕೊಂಡ. ಈ ಸಿನಿಮಾ ಹಾಕಿದೆ. ಇಂಗ್ಲಿಷ್ ಅವನಿಗೆ ಅಷ್ಟಕ್ಕಷ್ಟೇ, ಅಲ್ಲಲ್ಲಿ ನಾನು ಹೇಳ್ತಾ ಇದ್ದೆ. ಸೇತುವೆ, ಜಿಗಣೆ ಎಲ್ಲ ಬಿದ್ದು ಬಿದ್ದು ನಕ್ಕು ನೋಡಿದ. ಮುಗಿದ ಮೇಲೆ ಕೇಳಿದ, “ಆ ಇನ್ನಿಬ್ರು ಏನಾದ್ರು?” ಸಿನಿಮಾದಲ್ಲಿ ಹೇಳಿದ್ದನ್ನೇ ಹೇಳಿದೆ. ಒಂದು ಗಳಿಗೆ ಸುಮ್ಮನಿದ್ದ.

“ಅಷ್ಟೇಯಾ? ಆ ಫೋರ್ಕ್‌ಲಿಫ್ಟ್ ಓಡ್ಸೋನು ಊರಲ್ಲೇ ಅವ್ನಲ್ಲ, ಅವನ್ನ ಕೇಳಿದ್ರೆ ಕತೆ ಬ್ಯಾರೆ ತರ ಹೇಳ್ತಿದ್ದ ಕಣ್ಲಾ. ನಾಕು ಮಕ್ಳ ಸಾಕೋದು ಅಂದ್ರೆ ಸುಮ್ನೇನಾ?”

ಅಷ್ಟು ಸಲ ನೋಡಿದ್ದರೂ ವರ್ನ್‌ಗೆ ಹೇಳೋಕೆ ಒಂದು ಕಥೆ ಇರಬಹುದು ಅನ್ನೋದು ನನಗೆ ಹೊಳೆದೇ ಇರಲಿಲ್ಲ. ಸಿನಿಮಾ ಅವನನ್ನ ನನ್ನ ಮುಂದೆ ಇಟ್ಟಿದ್ದೇ ಹಾಗೆ. ನಾನು ಗಾರ್ಡಿ ಪಕ್ಕ ಕೂತು ನೋಡಿದ್ದೆ, ಇವನು ವರ್ನ್ ಪಕ್ಕ ಕೂತು ನೋಡಿದ್ದ.

ಈಗ ತತ್ವಶಾಸ್ತ್ರದ ಕಡೆ ಬರೋಣ. ಗೆಳೆತನದ ಬಗ್ಗೆ ಹಳೇ ಕಾಲದಲ್ಲಿ ತುಂಬ ಯೋಚನೆ ಮಾಡಿದೋನು ಅರಿಸ್ಟಾಟಲ್. ‘ನಿಕೋಮೇಕಿಯನ್ ಎಥಿಕ್ಸ್’ನ 10 ಭಾಗಗಳಲ್ಲಿ 8 ಮತ್ತು 9ನೇ ಭಾಗ ಪೂರ್ತಿ ಗೆಳೆತನಕ್ಕೇ ಮೀಸಲು. ಪ್ರಯೋಜನದ ಗೆಳೆತನ, ಖುಷಿಯ ಗೆಳೆತನ, ಒಳ್ಳೇತನದ ಗೆಳೆತನ ಅಂತ ಅವನು ಮಾಡೋ ಮೂರು ವಿಂಗಡಣೆ ಹಲವರಿಗೆ ಗೊತ್ತಿರುತ್ತೆ. ಅಷ್ಟಾಗಿ ಯಾರೂ ಹೇಳದೇ ಇರೋದು 9ನೇ ಭಾಗದಲ್ಲಿ ಬರೋ ಒಂದು ಪ್ರಶ್ನೆ. ಇಬ್ಬರು ಬಾಲ್ಯದ ಗೆಳೆಯರಲ್ಲಿ ಒಬ್ಬ ಬೆಳೆದು ದೊಡ್ಡವನಾದ, ಇನ್ನೊಬ್ಬ ಬುದ್ಧಿಯಲ್ಲಿ ಮಗುವಾಗೇ ಉಳಿದ. ಆಗ ಗೆಳೆತನ ಮುಂದುವರೆಯುತ್ತಾ? ಇಲ್ಲ ಅಂತಾನೆ. ಇಬ್ಬರಿಗೂ ಇಷ್ಟ ಆಗೋದು, ಬೇಡ ಅನ್ನಿಸೋದು ಬೇರೆ ಬೇರೆ ಆದ ಮೇಲೆ ಗೆಳೆಯರಾಗಿರೋದು ಹೇಗೆ? ಆದರೆ ಅಲ್ಲಿಗೇ ನಿಲ್ಲಿಸಲ್ಲ. ಹಾಗಂತ ಅವನನ್ನ ಅಪರಿಚಿತನ ಹಾಗೆ ನೋಡಬಾರದು, ಒಂದು ಕಾಲದ ಒಡನಾಟದ ನೆನಪಿಗಾದರೂ ಅವನಿಗೆ ಸ್ವಲ್ಪ ಹೆಚ್ಚು ಸಲ್ಲಬೇಕು ಅಂತಾನೆ.

ಮಾತು ಕಟುವಾಗಿದೆ, ಆದರೆ ಪ್ರಾಮಾಣಿಕವಾಗಿದೆ. ನಮ್ಮಲ್ಲಿ ಬಹಳಷ್ಟು ಜನ ಬಾಯಲ್ಲಿ ಒಪ್ಪದೇ ಇದ್ದರೂ ನಡೆಯಲ್ಲಿ ಇದನ್ನೇ ಪಾಲಿಸ್ತೀವಿ. ಊರಿಗೆ ಹೋದಾಗ ಒಂದು ಟೀ, ಮದುವೆಗೆ ಒಂದು ಮುಯ್ಯಿ, ಗ್ರೂಪಲ್ಲಿ ಹುಟ್ಟುಹಬ್ಬಕ್ಕೆ ಒಂದು ಕೇಕಿನ ಚಿತ್ರ. ನೆನಪಿಗೆ ಸಲ್ಲಬೇಕಾದ್ದು ಸಂದಾಯವಾಯ್ತು.

ನನ್ನ ತಕರಾರು ಅವನ ಉತ್ತರದ ಮೇಲೆ ಅಲ್ಲ, ನಾವು ಆ ಪ್ರಶ್ನೆಯನ್ನ ಬಳಸೋ ರೀತಿ ಮೇಲೆ. ಅರಿಸ್ಟಾಟಲ್ ಹೇಳೋ ಬೆಳವಣಿಗೆ ಗುಣದ್ದು, ಸಂಬಳದ್ದಲ್ಲ. ನಾವು ಮಾತ್ರ ಊರು ಬಿಟ್ಟಿದ್ದನ್ನೇ ಬೆಳವಣಿಗೆ ಅಂತ, ಊರಲ್ಲಿ ಉಳಿದದ್ದನ್ನೇ ನಿಂತುಹೋಗಿದ್ದು ಅಂತ ಲೆಕ್ಕ ಹಾಕ್ತೀವಿ. ಕಳೆದ ವರ್ಷ ನಮ್ಮಪ್ಪನಿಗೆ ನಡುರಾತ್ರಿ ಎದೆನೋವು ಬಂದಾಗ ಅಮ್ಮ ಮೊದಲು ಫೋನ್ ಮಾಡಿದ್ದು ಈ ಗೆಳೆಯನಿಗೆ, ಆಮೇಲೆ ನನಗೆ. ಮಾಡಬೇಕಾದ್ದೇ ಹಾಗೆ. ಅವನು ನಾಲ್ಕು ನಿಮಿಷದ ದೂರ, ನಾನು ನಾಲ್ಕು ಗಂಟೆಯ ದೂರ. ನಾನು ಹಾಸನ ತಲುಪೋ ಹೊತ್ತಿಗೆ ಇಸಿಜಿ ಆಗಿ, ಡಾಕ್ಟರು ನೋಡಿ, ಅಪ್ಪ ನಿದ್ದೆ ಹೋಗಿದ್ದರು. ಇವನು ಹೊರಗಡೆ ಬೆಂಚಲ್ಲಿ ಚಪ್ಪಲಿ ತಲೆದಿಂಬು ಮಾಡ್ಕೊಂಡು ಮಲಗಿದ್ದ. ದೊಡ್ಡವನಾಗೋದು ಅಂದ್ರೆ ಇನ್ನೊಬ್ಬರ ಭಾರ ಹೊರೋಕೆ ತಯಾರಾಗೋದು ಅನ್ನೋದಾದರೆ, ಆ ರಾತ್ರಿ ಮಟ್ಟಿಗೆ ನಮ್ಮಿಬ್ಬರಲ್ಲಿ ಯಾರು ಹೆಚ್ಚು ದೊಡ್ಡವನಾಗಿದ್ದ ಅನ್ನೋದಕ್ಕೆ ಅರಿಸ್ಟಾಟಲ್‌ನನ್ನ ಕರೆಸಬೇಕಿಲ್ಲ.

ಇದನ್ನ ತಪ್ಪೊಪ್ಪಿಗೆ ಅಂತ ಓದಬೇಡಿ. ಊರು ಬಿಟ್ಟಿದ್ದು ತಪ್ಪಲ್ಲ. ನನ್ನ ಸಂಬಳದಿಂದ ಆಸ್ಪತ್ರೆ ಬಿಲ್ ಕಟ್ಟಿದ್ದೂ ನಿಜ. ನಾನು ಹೇಳ್ತಿರೋದು, ಒಬ್ಬ ಊರಲ್ಲಿ ಉಳಿದಿದ್ದರಿಂದಲೇ ಇನ್ನೊಬ್ಬ ನಿಶ್ಚಿಂತೆಯಿಂದ ಹೋಗೋಕೆ ಆಗುತ್ತೆ ಅನ್ನೋದನ್ನ. ಈ ಲೆಕ್ಕ ಯಾವ ಸಿನಿಮಾದ ಕೊನೆಯ ಬರಹದಲ್ಲೂ ಬರಲ್ಲ.

ಈ ಪ್ರಶ್ನೆ ನಮಗೆ ಹೊಸದೂ ಅಲ್ಲ. ಮಹಾಭಾರತದ ದ್ರೋಣ, ದ್ರುಪದ ಒಂದೇ ಆಶ್ರಮದಲ್ಲಿ ಓದಿದೋರು. ಒಬ್ಬ ಪಾಂಚಾಲದ ರಾಜನಾದ, ಇನ್ನೊಬ್ಬ ಮಗನಿಗೆ ಹಾಲು ಕೊಡಿಸೋಕೂ ಆಗದ ಬಡವನಾದ. ಹಳೇ ಗೆಳೆತನ ನೆನೆದು ದ್ರೋಣ ಹೋದಾಗ, ಗೆಳೆತನ ಸಮಾನರ ನಡುವೆ ಮಾತ್ರ ಅಂತ ದ್ರುಪದ ಕಳಿಸಿಬಿಡ್ತಾನೆ. ದ್ರೋಣ ಶಿಷ್ಯರನ್ನ ಬಿಟ್ಟು ಅವನನ್ನ ಸೋಲಿಸಿ, ಅರ್ಧ ರಾಜ್ಯ ಇಟ್ಕೊಂಡು, ಈಗ ನಾವು ಸಮಾನರು, ಗೆಳೆಯರಾಗಬಹುದು ಅಂತಾನೆ. ಗೆಳೆತನ ಉಳೀತಾ? ದ್ರುಪದ ಯಜ್ಞ ಮಾಡಿ, ದ್ರೋಣನನ್ನ ಕೊಲ್ಲೋ ಮಗನನ್ನ ಪಡೀತಾನೆ. ಸಮಾನತೆಯನ್ನ ಲೆಕ್ಕ ಹಾಕಿ ಕಟ್ಟಿದ ಗೆಳೆತನ ಕುರುಕ್ಷೇತ್ರದ ತನಕ ಹೋಗುತ್ತೆ.

ಇದಕ್ಕೆ ಎದುರಾಗಿ ಕೃಷ್ಣ, ಕುಚೇಲ. ಸಾಂದೀಪನಿ ಆಶ್ರಮದ ಗೆಳೆಯ ಹರಿದ ಬಟ್ಟೆಯಲ್ಲಿ ಬಂದರೂ ಕೃಷ್ಣ ಕಾಲು ತೊಳೀತಾನೆ, ಅವಲಕ್ಕಿ ಕಿತ್ಕೊಂಡು ತಿಂತಾನೆ, ಸೌದೆಗೆ ಹೋಗಿ ಮಳೆಗೆ ಸಿಕ್ಕಿದ ರಾತ್ರಿಯನ್ನ ನೆನಪಿಸ್ತಾನೆ. ಚಿಕ್ಕಂದಿನಿಂದ ಕೇಳಿ ಕಣ್ಣು ತುಂಬಿಕೊಂಡ ಕಥೆ. ಆದರೂ ಒಂದು ಮಾತು ಮನಸ್ಸಲ್ಲೇ ಉಳಿದಿದೆ: ನಡ್ಕೊಂಡು ಹೋಗಿದ್ದು ಕುಚೇಲ. ದ್ವಾರಕೆಯಿಂದ ಅವನ ಮನೆಗೂ ದಾರಿ ಇತ್ತಲ್ಲ?

ಸಿನಿಮಾಗಳಿಗೂ ಈ ಇಕ್ಕಟ್ಟು ಗೊತ್ತು, ಅದಕ್ಕೆ ಎರಡು ಸುಲಭದ ದಾರಿ ಹುಡುಕಿವೆ. ಒಂದು, ಎಲ್ಲರನ್ನೂ ಶ್ರೀಮಂತರನ್ನಾಗಿ ಮಾಡೋದು. 2001ರ ‘ದಿಲ್ ಚಾಹ್ತಾ ಹೈ’ ನನಗೂ ಇಷ್ಟವೇ. ಆದರೆ ಅಲ್ಲಿ ಜಗಳ ಆಡಿ ದೂರ ಆದೋರು ಮತ್ತೆ ಗೋವಾದಲ್ಲಿ ಸೇರೋಕೆ ಅಡ್ಡ ಬರೋದು ಮನಸ್ಸು ಮಾತ್ರ, ಟಿಕೆಟ್ ದುಡ್ಡಲ್ಲ. 2011ರ ‘ಜಿಂದಗಿ ನ ಮಿಲೇಗಿ ದೊಬಾರಾ’ದಲ್ಲಿ ಗೋವಾ ಹೋಗಿ ಸ್ಪೇನ್ ಬಂತು. ನಮ್ಮ ಆಫೀಸಿನ ಗೆಳೆಯರ ಟ್ರಿಪ್‌ಗಳೂ ಇದೇ ದಾರಿಯವು. ಎಲ್ಲರಿಗೂ ಸರಿಸುಮಾರು ಒಂದೇ ಸಂಬಳ, ಖರ್ಚು ಹಂಚಿಕೊಳ್ಳೋಕೆ ಒಂದು ಆ್ಯಪ್.

ಎರಡನೇ ದಾರಿ, ಉಳಿದವನ ಬಾಯಿಂದಲೇ ಹೋಗು ಅನ್ನಿಸೋದು. 1997ರ ‘ಗುಡ್ ವಿಲ್ ಹಂಟಿಂಗ್’ನಲ್ಲಿ ವಿಲ್ ಗಣಿತದ ಅಸಾಮಾನ್ಯ ಪ್ರತಿಭೆ, ಗೆಳೆಯ ಚಕ್ಕಿ ಅವನ ಜೊತೆ ಕಟ್ಟಡ ಕೆಲಸಕ್ಕೆ ಹೋಗೋನು. ಒಂದು ದಿನ ನಿನ್ನ ಮನೆ ಬಾಗಿಲು ತಟ್ಟಿದಾಗ ನೀನು ಅಲ್ಲಿ ಇರಬಾರದು, ಅದೇ ನನ್ನ ಆಸೆ ಅಂತಾನೆ ಚಕ್ಕಿ. ಕೊನೆಯಲ್ಲಿ ಹಾಗೇ ಆಗುತ್ತೆ. ಬಾಗಿಲು ತಟ್ತಾನೆ, ಯಾರೂ ಇಲ್ಲ, ನಗ್ತಾನೆ. ಕಾರಿನ ಹಿಂದಿನ ಸೀಟಲ್ಲಿದ್ದ ಇನ್ನೊಬ್ಬ ಗೆಳೆಯ ಮುಂದೆ ಬಂದು ಕೂರ್ತಾನೆ. ಪ್ರತಿ ಸಲ ಅಲ್ಲಿ ನನಗೆ ಗಂಟಲು ಕಟ್ಟುತ್ತೆ. ಇಂಥ ಮಾತು ಹೇಳೋ ಗೆಳೆಯರು ನಿಜವಾಗಿಯೂ ಇರ್ತಾರೆ, ನನಗೂ ಇದ್ದರು. ಆದರೂ ಇದು ಹೋಗೋನಿಗೆ ಎಷ್ಟು ಅನುಕೂಲದ ಕನಸು ನೋಡಿ. ಉಳಿದವನು ಅಳಲ್ಲ, ಕೇಳಲ್ಲ, ನಕ್ಕು ಕಳಿಸಿಕೊಡ್ತಾನೆ. ಕಾರು ತಿರುಗಿದ ಮೇಲೆ ಅವನ ಮುಖ ಹೇಗಿತ್ತು ಅಂತ ಕ್ಯಾಮೆರಾ ತೋರಿಸಲ್ಲ. ಅದು ವಿಲ್‌ನ ಕಾರಿನ ಹಿಂದೆ ಹೊರಟು ಹೋಗಿರುತ್ತೆ.

ಆ ಮುಖ ತೋರಿಸಿದ ಕಥೆ ನಮ್ಮ ಹತ್ತಿರವೇ ಇದೆ. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ನಿಂದಾಗಿ ಸ್ವಾಮಿ ಅಂದ್ರೆ ನಮಗೆ ಮಾಸ್ಟರ್ ಮಂಜುನಾಥ್ ಮುಖ. ಅದರ ಮೂಲ ಆರ್.ಕೆ. ನಾರಾಯಣ್ 1935ರಲ್ಲಿ ಪ್ರಕಟಿಸಿದ ‘ಸ್ವಾಮಿ ಅಂಡ್ ಫ್ರೆಂಡ್ಸ್’. ಕ್ರಿಕೆಟ್ ಮ್ಯಾಚಿಗೆ ಬರಲಿಲ್ಲ ಅಂತ ರಾಜಂ ಸ್ವಾಮಿಯ ಜೊತೆ ಮಾತು ಬಿಟ್ಟಿದ್ದಾನೆ. ಪೊಲೀಸ್ ಅಧಿಕಾರಿಯ ಮಗ, ಅಪ್ಪನಿಗೆ ವರ್ಗ ಆಗಿ ಹೊರಟಿದ್ದಾನೆ. ಸ್ವಾಮಿ ಸ್ಟೇಷನ್ನಿಗೆ ಒಂದು ಪುಸ್ತಕ ಹಿಡ್ಕೊಂಡು ಬರ್ತಾನೆ, ಆಂಡರ್ಸನ್ ಬರೆದ ಮಕ್ಕಳ ಕಥೆಗಳು. ಕೊಡೋಕೆ ಧೈರ್ಯ ಸಾಲದೆ, ರೈಲು ಹೊರಟಾಗ ಮಣಿ ಕೈಯಿಂದ ಕೊಡಿಸ್ತಾನೆ. ರಾಜಂ ಕಾಗದ ಬರೀತಾನಾ ಅಂತ ಕೇಳಿದಾಗ ಮಣಿ ಬರೀತಾನೆ ಅಂತಾನೆ. ಮಣಿಯ ಮುಖದಿಂದ ಏನೂ ಗೊತ್ತಾಗಲ್ಲ. ಕಥೆ ಅಲ್ಲೇ ಮುಗಿಯುತ್ತೆ, ಪ್ಲಾಟ್‌ಫಾರಂ ಮೇಲೆ. ರಾಜಂ ಮುಂದೆ ಏನಾದ ಅಂತ ನಾರಾಯಣ್ ಅಲ್ಲಿ ಒಂದು ಸಾಲೂ ಬರೆಯಲ್ಲ. ಗಾರ್ಡಿಯ ಕಥೆಯಲ್ಲಿ ಉಳಿದವರಿಗೆ ಒಂದೊಂದು ಸಾಲಾದರೂ ಸಿಕ್ಕಿತ್ತು. ಇಲ್ಲಿ ಹೋದವನಿಗೆ ಅದೂ ಇಲ್ಲ. ಯಾರ ಪಕ್ಕ ನಿಂತು ಕಥೆ ಹೇಳ್ತೀವಿ ಅನ್ನೋದರ ಮೇಲೆ ಯಾರು ಮರೆಯಾಗ್ತಾರೆ ಅನ್ನೋದು ನಿಂತಿದೆ.

ಹಾಗಾದ್ರೆ ಉಳಿದವರಿಗೆ ಸಲ್ಲಬೇಕಾದ್ದು ಏನು? ದುಡ್ಡಲ್ಲ, ಅದು ದ್ರುಪದನ ತಕ್ಕಡಿಗೆ ವಾಪಸ್ ಕರ್ಕೊಂಡು ಹೋಗುತ್ತೆ. ವರ್ಷಕ್ಕೊಂದು ಸಲ ಕೂತು ಹಳೇ ಮೇಷ್ಟ್ರ ಹೊಡೆತ ನೆನೆಸಿಕೊಂಡು ನಗೋದೂ ಅಲ್ಲ. ಬರೀ ನೆನಪಲ್ಲಿ ನಡೆಯೋ ಗೆಳೆತನದಲ್ಲಿ ಅವನಿಗೆ ಇನ್ನೂ 12 ವರ್ಷವೇ. ನಮಗೆ ಮಾತ್ರ ವಯಸ್ಸಾಗ್ತಾ ಹೋಗುತ್ತೆ.

ನನ್ನ ಪ್ರಕಾರ ಸಲ್ಲಬೇಕಾದ್ದು ಅವನ ಇವತ್ತಿನ ಬಗ್ಗೆ ಕುತೂಹಲ. ತಾಮ್ರದ ರೇಟು ಏರಿದ್ರೆ ಅವನ ಅಂಗಡಿ ಏನಾಗುತ್ತೆ, ಸಾಲ ಬರೆಸಿ ಹೋದ ರೈತರು ಕೊಬ್ಬರಿ ಬೆಲೆ ಬಿದ್ದ ವರ್ಷ ಹೇಗೆ ತೀರಿಸ್ತಾರೆ, ಮಗಳನ್ನ ಯಾವ ಶಾಲೆಗೆ ಹಾಕಬೇಕು ಅಂತ ಯೋಚಿಸ್ತಿದ್ದಾನೆ. ಇದರ ಜೊತೆಗೆ ನಮ್ಮ ಇವತ್ತನ್ನೂ ಅವನ ಮುಂದೆ ಇಡಬೇಕು. ಲೇಆಫ್ ಭಯ, ಫ್ಲ್ಯಾಟಿನ ಇಎಂಐ, ನಿದ್ದೆ ಬಾರದ ರಾತ್ರಿ. ನಾವು ಊರಿಗೆ ಹೋದಾಗ ಕಾರು ತೋರಿಸ್ತೀವಿ, ಇದನ್ನ ತೋರಿಸಲ್ಲ. ಅವನಿಗೆ ಅರ್ಥ ಆಗಲ್ಲ ಅಂತ ನಾವೇ ತೀರ್ಮಾನ ಮಾಡಿರ್ತೀವಿ. ಅವನ ಸಹಾಯ ಬೇಕಾಗೋದು ಅಪ್ಪ ಅಮ್ಮನ ವಿಷಯಕ್ಕೆ ಮಾತ್ರ, ಮನಸ್ಸಿನ ವಿಷಯಕ್ಕೆ ಅಲ್ಲ ಅಂತಾದರೆ ಅವನು ಗೆಳೆಯ ಹೇಗಾದ? ಊರಲ್ಲಿರೋ ನಮ್ಮ ಬ್ರಾಂಚ್ ಆಫೀಸ್ ಆದ.

ಗಾರ್ಡಿಯ ಕೊನೆಯ ಮಾತನ್ನ ನಾನು ಪೂರ್ತಿ ಒಪ್ಪಲ್ಲ. 12ನೇ ವಯಸ್ಸಲ್ಲಿ ನಮಗೆ ಗೆಳೆಯರು ಸಿಕ್ಕಿದ್ದು ನಾವು ಹುಡುಕಿದ್ದಕ್ಕಲ್ಲ. ಒಂದೇ ಬೀದಿ, ಒಂದೇ ಕೆರೆ, ಒಂದೇ ಶಾಲೆ ಅವರನ್ನ ತಂದು ಕೊಟ್ಟಿತ್ತು. 35ರಲ್ಲಿ ಆ ಬೀದಿ ಇಲ್ಲ. ಈಗ ಗೆಳೆತನ ಬೇಕು ಅಂದ್ರೆ ನಾವೇ ಏನಾದ್ರೂ ಮಾಡಬೇಕು, ರಜೆ ಹಾಕಬೇಕು, ಬಸ್ ಹತ್ತಬೇಕು, ಬೇಜಾರಾದ್ರೂ ಒಂದು ಗಂಟೆ ಅವನ ಅಂಗಡಿಯ ಸ್ಟೂಲ್ ಮೇಲೆ ಕೂತು ಅವನು ಗಿರಾಕಿ ಜೊತೆ ಮಾತಾಡೋದನ್ನ ಕೇಳಬೇಕು. ಅಂಥದ್ದು ಮತ್ತೆ ಸಿಗಲಿಲ್ಲ ಅಂತ ಗಾರ್ಡಿ ಕೊರಗ್ತಾನೆ. ಆದರೆ ಅವನೇ ಹೇಳೋ ಪ್ರಕಾರ ಪೇಪರಲ್ಲಿ ಸಾವಿನ ಸುದ್ದಿ ಓದೋ ಹೊತ್ತಿಗೆ ಕ್ರಿಸ್‌ನನ್ನ ನೋಡಿ ಹತ್ತು ವರ್ಷದ ಮೇಲಾಗಿತ್ತು. ಹತ್ತು ವರ್ಷ ಕಾಲ ಹಾಗೇ ಓಡಿಹೋಯ್ತು ಅನ್ನೋದು ಪೂರ್ತಿ ಉತ್ತರ ಅಲ್ಲ.

ನಿಮ್ಮ ಊರಲ್ಲೂ ಒಬ್ಬ ವರ್ನ್ ಇರ್ತಾನೆ. ಅವನ ಬಗ್ಗೆ ಯಾರಾದ್ರೂ ಕೇಳಿದ್ರೆ ನೀವು ಎಷ್ಟು ಸಾಲು ಹೇಳಬಲ್ಲಿರಿ ಅಂತ ಒಂದು ಸಲ ಎಣಿಸಿ ನೋಡಿ. ಒಂದೇ ಸಾಲಿಗೆ ಮುಗಿದರೆ, ಮುಂದಿನ ಸಾಲು ಗೊತ್ತಿರೋನು ಅವನೊಬ್ಬನೇ. ಅವನನ್ನೇ ಕೇಳಬೇಕು.